ಅರಮನೆ ಅಡುಗೆಯವನ ಹಾಜರಿ ಕಾರ್ಡು

ಪೀಣ್ಯದ ಎರಡನೇ ಹಂತದಲ್ಲಿ ಬೆಳೆದವರಿಗೆ ಆಗ ಗಡಿಯಾರದ ಹಂಗೇ ಇರಲಿಲ್ಲ. ಆರೂವರೆಗೆ ಒಂದು ಫ್ಯಾಕ್ಟರಿಯ ಸೈರನ್ ಕೂಗಿದರೆ ಹಾಲು ಕಾಯಿಸುವುದು, ಏಳಕ್ಕೆ ಇನ್ನೊಂದು ಕೂಗಿದರೆ ನಾವು ಏಳುವುದು. ಒಣಗಲು ಹಾಕಿದ ಬಟ್ಟೆಗೆಲ್ಲ ಸುಟ್ಟ ಎಣ್ಣೆಯ ವಾಸನೆ ಹತ್ತಿರುತ್ತಿತ್ತು, ಹೊಸಬರು ಬಂದು ಹೇಳುವವರೆಗೆ ನಮಗದು ಗೊತ್ತೇ ಇರಲಿಲ್ಲ. ತೊಂಬತ್ತರ ದಶಕದ ನಡುವಿನ ಮಾತು. ನಾನು ಒಂಬತ್ತನೇ ಕ್ಲಾಸು. ಆ ವರ್ಷ ನಮಗೆ ಪಾಠಕ್ಕಿದ್ದ ಒಂದು ಹಳೆಯ ದುರಂತ ನಾಟಕದ ದೆಸೆಯಿಂದ ನಮ್ಮಪ್ಪ ಹದಿನಾಲ್ಕು ವರ್ಷ ಕೂತಿದ್ದ ಕುರ್ಚಿ ಹೋಯಿತು. ನಾಟಕದ ತಪ್ಪೇನಿಲ್ಲ, ತಪ್ಪು ಓದಿದವಳದು.

ಅಪ್ಪ ಒಂದು ಫ್ಯಾಕ್ಟರಿಯ ಟೈಮ್ ಆಫೀಸಿನಲ್ಲಿದ್ದರು. ಬೆಳಗಿನ ಶಿಫ್ಟು ಏಳಕ್ಕೆ, ಕೆಲಸಗಾರರು ಗೇಟಿನೊಳಗೆ ಬಂದ ಕೂಡಲೇ ತಮ್ಮ ತಮ್ಮ ಹಾಜರಿ ಕಾರ್ಡನ್ನು ಪಂಚಿಂಗ್ ಮಿಷನ್ನಿಗೆ ತುರುಕಬೇಕು, ಅದು ಠಣ್ ಎಂದು ಹೊತ್ತನ್ನು ಅಚ್ಚೊತ್ತುತ್ತದೆ. ಮಿಷನ್ ಕೆಟ್ಟ ದಿನ ಮಾತ್ರ ಅಪ್ಪ ಇಂಕಿನಲ್ಲಿ ಹೊತ್ತು ಬರೆದು ಪಕ್ಕದಲ್ಲಿ ಸಣ್ಣ ಸೈನು ಹಾಕಬಹುದಿತ್ತು. ಹಳೆಯ ಕಾರ್ಡುಗಳ ಕಟ್ಟು ಆಗಾಗ ನಮ್ಮ ಮನೆಗೆ ಬರುತ್ತಿತ್ತು. ಹಿಂಬದಿ ಖಾಲಿ ಇರುತ್ತಿದ್ದುದರಿಂದ ಅವುಗಳ ಮೇಲೆ ನಾವು ಲೆಕ್ಕ ಮಾಡುತ್ತಿದ್ದೆವು, ಅಕ್ಕಿ ಡಬ್ಬದ ಸಂದಿಗೆ ಕಾರ್ಡು ತೂರಿಸಿ ಫ್ಯಾಕ್ಟರಿ ಆಟ ಆಡುತ್ತಿದ್ದೆವು. ಇನ್ನು ಕೆಲವು ಕಟ್ಟು ನೇರ ಬಚ್ಚಲ ಒಲೆಯ ಮೂಲೆಗೆ ಹೋಗುತ್ತಿದ್ದವು. ಅವು ಯಾಕೆ ಬೇರೆ ಎಂದು ಯಾರೂ ಕೇಳಿರಲಿಲ್ಲ.

ಕನ್ನಡ ಮಿಸ್ಸು ದಾವಣಗೆರೆ ಕಡೆಯವರು. ನಾಟಕ ಮುಗಿಸಿದ ದಿನ ಅವರು, "ಗೈಡ್ ನೋಡಿ ಉತ್ತರ ಬರೆದ್ರೆ ನಾನು ತಿದ್ದಲ್ಲ. ಇಬ್ಬಿಬ್ರು ಸೇರಿ ಏನಾದ್ರೂ ಮಾಡ್ಕಂಡು ಬನ್ನಿ. ನಾಟಕ ಓದೀರಿ ಅಂತ ಅದ್ರಲ್ಲೇ ಗೊತ್ತಾಗ್ಬೇಕು" ಎಂದರು. ಅಂಥ ಮಾತನ್ನು ನಾವು ಅಲ್ಲಿಯತನಕ ಕೇಳಿರಲಿಲ್ಲ.

ನಾಟಕದ ಕಥೆ ಇಷ್ಟೇ. ಶತ್ರುಗಳ ಭಯದಿಂದ ಒಬ್ಬ ರಾಜ ಕಟ್ಟಾಜ್ಞೆ ಹೊರಡಿಸುತ್ತಾನೆ, ಹೊತ್ತು ಮುಳುಗಿದ ಮೇಲೆ ಕೋಟೆ ಬಾಗಿಲು ಯಾರಿಗೂ ತೆಗೆಯಕೂಡದು. ಕಾಯಿಲೆಯ ತಾಯಿಗೆ ಬೇರು ತರಲು ಹೋದ ಅವನ ಮಗಳೇ ತಡವಾಗಿ ಬಂದು ಬಾಗಿಲು ಬಡಿಯುತ್ತಾಳೆ. ಶತ್ರುಗಳ ಮೋಸವಿರಬೇಕು ಎಂದು ರಾಜ ಬಾಗಿಲು ತೆಗೆಸುವುದಿಲ್ಲ. ಬೆಳಗ್ಗೆ ಹೊರಗೆ ಅವಳ ಹೆಣ. "ಇಂಥ ನಾಟಕದಾಗೆ ಕೆಟ್ಟೋರು ಯಾರೂ ಇರಲ್ಲ. ಒಳ್ಳೆಯೋರೇ ಏನೋ ಒಂದು ಮಾಡ್ತಾರೆ, ಗೊತ್ತಾಗೋ ಹೊತ್ತಿಗೆ ಮುಗ್ದಿರುತ್ತೆ" ಎಂದು ಮಿಸ್ಸು ಬೋರ್ಡಿನ ಕಡೆ ತಿರುಗಿ ಹೇಳಿದ್ದರು. ನನಗೆ ಆಗ ಹಸಿವಾಗಿತ್ತು, ಅರ್ಧ ಮಾತ್ರ ಕೇಳಿಸಿಕೊಂಡೆ.

ಕ್ಲಾಸಿಗೆ ಕ್ಲಾಸೇ ಹುಚ್ಚೆದ್ದು ಹೋಯಿತು. ಥರ್ಮೋಕೋಲಿನ ಕೋಟೆ ಮಾಡಿದವರಿದ್ದರು, ಅದರ ಬಾಗಿಲು ಒಮ್ಮೆ ಅಂಟಿಕೊಂಡದ್ದು ಮತ್ತೆ ತೆಗೆಯಲೇ ಬರಲಿಲ್ಲ. ಇಬ್ಬರು ಹುಡುಗರು ರಾಜಕುಮಾರಿ ಸತ್ತ ಮಾರನೆಯ ದಿನದ ಪತ್ರಿಕೆ ಬರೆದು, ಕೆಳಗೆ ಜಾಗ ಉಳಿಯಿತೆಂದು ಕ್ರಿಕೆಟ್ ಸ್ಕೋರನ್ನೂ ಹಾಕಿದ್ದರು. ನನ್ನ ಜೊತೆಯವಳು ಸಾವಿತ್ರಿ. ಲಿಂಗಸುಗೂರಿನ ಕಡೆಯವಳು, ನಮ್ಮ ಹಿಂದಿನ ಬೀದಿಯ ವಠಾರದಲ್ಲಿ ಒಂದು ರೂಮಿನ ಮನೆ. ಅವಳ ಅಪ್ಪ ಮಲ್ಲಪ್ಪ ನಮ್ಮಪ್ಪನ ಫ್ಯಾಕ್ಟರಿಯಲ್ಲೇ ಹೆಲ್ಪರ್. ತಾಯಿ ಹೆರಿಗೆಗೆ ಊರಿಗೆ ಹೋಗಿದ್ದರಿಂದ ಬೀದಿ ನಲ್ಲಿಯಲ್ಲಿ ನೀರು ಹಿಡಿದು, ಮೂರು ಮಕ್ಕಳಿಗೆ ರೊಟ್ಟಿ ಬಡಿದಿಟ್ಟು ಕೆಲಸಕ್ಕೆ ಓಡುತ್ತಿದ್ದ.

ನಾಟಕದ ಪಾತ್ರಗಳಿಗೆಲ್ಲ ಹಾಜರಿ ಕಾರ್ಡು ಮಾಡುವ ಉಪಾಯ ನನ್ನದು. ರಾಜನ ಕಾರ್ಡು ಖಾಲಿ, ಅವನನ್ನು ಹೊತ್ತು ಕೇಳುವವರು ಯಾರು? ರಾಜಕುಮಾರಿ ಹೊರಗೆ ಹೋದ ಹೊತ್ತು ಇದೆ, ಒಳಗೆ ಬಂದ ಹೊತ್ತಿಲ್ಲ. ಬಾಗಿಲ ಕಾವಲುಗಾರನಿಗೆ ಡಬಲ್ ಶಿಫ್ಟು. ಏಳು ಪಾತ್ರಗಳಿಗೆ ಏಳು ಕಾರ್ಡು ಆದವು, ಪ್ರದರ್ಶನಕ್ಕೆ ನಮಗೆ ಕೊಟ್ಟಿದ್ದ ಗೋಡೆ ತುಂಬಲಿಲ್ಲ. ಆಸೆ ಬಿಡಬೇಕಲ್ಲ, ನಾಟಕದಲ್ಲಿ ಇಲ್ಲದ ಮಾವುತ, ಅಗಸ, ಅಡುಗೆಯವ ಎಲ್ಲರನ್ನೂ ಹುಟ್ಟಿಸಿದೆವು. ಲೆಕ್ಕದ ಕಾರ್ಡುಗಳು ಮುಗಿದಿದ್ದವು. "ಅಮ್ಮಾ, ಒಲೆ ಹತ್ರ ಇರೋದು ತಗೊಳ್ಲಾ?" ಎಂದೆ. "ತಗೋ, ಸುಡೋದೇ ತಾನೆ" ಎಂದಳು ಅಮ್ಮ.

ಆ ಕಟ್ಟಿನಲ್ಲಿ ಸಾವಿತ್ರಿಗೆ ಒಂದು ಕಾರ್ಡು ಸಿಕ್ಕಿತು. "ಏ, ಇದು ನಮ್ಮಪ್ಪಂದು ನೋಡs. ಅಡಗಿಯವಗ ಇದ ಇರಲಿ, ಹೆಂಗೂ ಈಗ ಅಡಗಿ ಮಾಡಾಂವ ಅವನs" ಎಂದು ನಕ್ಕಳು. ನಾನು ಮುಂಬದಿ ನೋಡಿದೆ. ಒಂಬತ್ತು ಕಡೆ ಅಚ್ಚಾದ ಹೊತ್ತನ್ನು ಹೊಡೆದುಹಾಕಿ ಇಂಕಿನಲ್ಲಿ ಏಳು ಗಂಟೆ ಎಂದು ಬರೆದಿತ್ತು, ಪಕ್ಕದಲ್ಲಿ ನಮ್ಮಪ್ಪನ ಸೈನು. ಇಬ್ಬರ ಅಪ್ಪಂದಿರೂ ಒಂದೇ ಕಾರ್ಡಿನಲ್ಲಿದ್ದಾರೆ ಎಂದು ನಮಗೆ ಹಿಗ್ಗೋ ಹಿಗ್ಗು. ಎಲ್ಲರಿಗೂ ಕಾಣಲೆಂದು ಅದನ್ನೇ ಎದುರಿಗೆ ನೇತುಹಾಕಿದೆವು.

ಶನಿವಾರ ಪ್ರದರ್ಶನ. ಶಾಲೆಗೆ ಬೆಂಚು ಕೊಟ್ಟಿದ್ದು ಅಪ್ಪನ ಫ್ಯಾಕ್ಟರಿಯಾದ್ದರಿಂದ ಅಲ್ಲಿ ಕೆಲಸಗಾರರ ಉಸ್ತುವಾರಿ ನೋಡುವ ಪರ್ಸೊನೆಲ್ ಆಫೀಸರೇ ಅತಿಥಿ. ಒಳ್ಳೆಯ ಮನುಷ್ಯ, ಪ್ರತಿ ಮೇಜಿನ ಹತ್ತಿರವೂ ನಿಂತು ನೋಡಿದರು. ಕಾವಲುಗಾರನ ಡಬಲ್ ಶಿಫ್ಟಿಗೆ ಮನಸಾರೆ ನಕ್ಕರು. ಆಮೇಲೆ ಅಡುಗೆಯವನ ಕಾರ್ಡನ್ನು ಹಿಡಿದು ತಿರುಗಿಸಿದರು.

"ಇದು ನಮ್ಮ ಫ್ಯಾಕ್ಟರಿ ಕಾರ್ಡಲ್ವೇನಮ್ಮಾ? ಇಂಕಲ್ಲಿ ಯಾರು ಬರೆದಿರೋದು?"

"ನಮ್ಮಪ್ಪ ಸಾರ್. ಆ ಸೈನು ಅವರದೇ."

"ಇಷ್ಟು ದಿನ ಮಿಷನ್ ಕೆಟ್ಟಿತ್ತಾ?"

ನನಗೆ ಗೊತ್ತಿರಲಿಲ್ಲ. ಸಾವಿತ್ರಿಗೆ ಗೊತ್ತಿತ್ತು. "ಇಲ್ರಿ ಸರ, ನಮ್ಮಪ್ಪಗ ಲೇಟಾಗಿತ್ರಿ. ನೀರು ತುಂಬಿ, ನಮಗ ರೊಟ್ಟಿ ಮಾಡಿಟ್ಟು ಬರ್ತಿದ್ದ. ಇವರಪ್ಪಾರು ಭಾಳ ಒಳ್ಳೇವರ್ರಿ" ಎಂದಳು.

ಅವರು ತಲೆಯಾಡಿಸಿ, "ಇದನ್ನ ನಾನು ಇಟ್ಕೊಳ್ಲಾ?" ಎಂದು ಕೇಳಿಯೇ ಜೇಬಿಗೆ ಹಾಕಿಕೊಂಡರು. ನಾವು ಹೂಂ ಎಂದೆವು. ನಮಗೇ ಮೊದಲ ಬಹುಮಾನ ಬಂತು, ಇಬ್ಬರಿಗೂ ಒಂದೊಂದು ಸ್ಟೀಲ್ ಡಬ್ಬಿ. ಅದನ್ನು ಅವರ ಕೈಯಿಂದಲೇ ಇಸಿದುಕೊಂಡು, ಖಾರಾಬಾತ್ ತಿಂದು ಮನೆಗೆ ಬಂದೆವು.

ಸೋಮವಾರ ಸಂಜೆ ಅಪ್ಪ ಶೂ ಬಿಚ್ಚದೆ ಜಗಲಿಯ ಮೇಲೆ ಕೂತರು. ಅಮ್ಮನಿಗೆ ಮೆಲ್ಲಗೆ ವಿಷಯ ಹೇಳಿದ್ದು ನನಗೂ ಕೇಳಿಸಿತು. ಟೈಮ್ ಆಫೀಸು ತಪ್ಪಿ ಸ್ಟೋರ್ಸಿಗೆ ಹಾಕಿದ್ದರು, ಜೊತೆಗೊಂದು ಮೆಮೊ. ಕೆಲಸ ಉಳಿದದ್ದೇ ಹೆಚ್ಚು. ನಾನೇ ಹತ್ತಿರ ಹೋಗಿ, "ಸೈನು ನಿಮ್ದು ಅಂತ ನಾನೇ ಹೇಳ್ದೆ" ಎಂದೆ.

"ನಂದೇ ತಾನೆ? ಇನ್ನೇನು ಹೇಳ್ಬೇಕಿತ್ತು ನೀನು?" ಎಂದರು. ಆಮೇಲೆ ಶೂ ಬಿಚ್ಚಿದರು.

ಹೊಸ ಟೈಮ್ ಕೀಪರ್ ರೂಲು ಪ್ರಕಾರ ನಡೆಯುವ ಮನುಷ್ಯ. ನಲ್ಲಿಯ ಸಾಲು ಮಾತ್ರ ಮೊದಲಿನಂತೆಯೇ ಇತ್ತು. ಹದಿನೈದು ದಿನದಲ್ಲಿ ಮಲ್ಲಪ್ಪನನ್ನು ಮೂರು ಸಲ ಗೇಟಿನಿಂದಲೇ ವಾಪಸು ಕಳಿಸಿದರು, ನಾಲ್ಕನೆಯ ಸಲ ಬರಬೇಡ ಎಂದರು. ಅವನು ಮಕ್ಕಳನ್ನು ಕಟ್ಟಿಕೊಂಡು ಊರಿಗೆ ಹೊರಟ. ಟಿ.ಸಿ. ತೆಗೆದುಕೊಳ್ಳಲು ಬಂದ ಸಾವಿತ್ರಿ ನನ್ನನ್ನು ಹೊರಗೆ ಕರೆದಳು.

"ನಿಮ್ಮಪ್ಪಾರು ಬೈದ್ರೇನು?"

"ಇಲ್ಲ."

"ನಮ್ಮಪ್ಪನೂ ಬೈಲಿಲ್ಲ." ಟಿ.ಸಿ.ಯನ್ನು ನಾಲ್ಕು ಮಡಿಕೆ ಮಾಡಿ ಹೇಳಿದಳು, "ಬೈದಿದ್ರ ಚೊಲೊ ಇತ್ತು."

ಅವಳ ವಿಳಾಸ ಕೇಳಿ ಬರೆದುಕೊಳ್ಳಬೇಕೆಂದು ಆಗ ನನಗೆ ತೋಚಲಿಲ್ಲ. ವಾರ್ಷಿಕ ಪರೀಕ್ಷೆಯಲ್ಲಿ ಆ ನಾಟಕದ ಮೇಲೆ ಒಂದು ಪ್ರಶ್ನೆ ಬಂತು, ದುರಂತಕ್ಕೆ ಕಾರಣ ಯಾರು ಎಂದು. ರಾಜ ಎಂದು ಬರೆದೆ. ಪೂರ್ತಿ ಅಂಕ ಬಂತು.

ಈಗ ಆ ಫ್ಯಾಕ್ಟರಿ ಇದ್ದ ಜಾಗದಲ್ಲಿ ಗೋಡೌನ್ ಇದೆ. ಸೈರನ್ನುಗಳಿಲ್ಲ. ಹಾಜರಿಗೆ ಬೆರಳು ಒತ್ತಿದರೆ ಸಾಕು, ತಡವಾದವರ ಪರವಾಗಿ ಏಳು ಗಂಟೆ ಎಂದು ಬರೆಯುವ ಕೈಗೆ ಅಲ್ಲಿ ಕೆಲಸವಿಲ್ಲ. ನಾನೂ ಒಂದು ಆಫೀಸಿನಲ್ಲಿ ಇಪ್ಪತ್ತು ವರ್ಷ ಕಳೆದಿದ್ದೇನೆ. ಕಾಗದವೊಂದನ್ನು ಹಿಡಿದು ಇದು ಯಾರ ಸೈನು ಎಂದು ಆಗಾಗ ಯಾರಾದರೂ ಕೇಳುತ್ತಾರೆ. ಗೊತ್ತಿದ್ದರೂ, ಕೇಳಿದವರ ಮುಖವನ್ನೊಮ್ಮೆ ನೋಡಿ, "ವಿಚಾರಿಸಿ ಹೇಳ್ತೀನಿ ಸಾರ್" ಎನ್ನುತ್ತೇನೆ. ನಮ್ಮಪ್ಪನದು ಎಂದು ಹೆಮ್ಮೆಯಿಂದ ಕೂಡಲೇ ಹೇಳಿದ ನನ್ನೊಳಗಿನ ಹುಡುಗಿ ಆ ಸೋಮವಾರ ಸಂಜೆಯೇ ಹೋದಳು.