ಇಳಕಲ್ಲೊಂದು ಬಿಟ್ಟು

ಬಸ್ಸು ಹೊರಟು ಹತ್ತು ನಿಮಿಷವೂ ಆಗಿರಲಿಲ್ಲ. ನಿಂತಿದ್ದ ಹೆಂಗಸೊಬ್ಬಳು ಕಂಕುಳಲ್ಲಿದ್ದ ಕೂಸನ್ನು ನನ್ನ ತೊಡೆಯ ಮೇಲೆ ಇಟ್ಟುಬಿಟ್ಟಳು.

"ಕಾಕಾ, ಇದನ್ನ ಒಂಚೂರು ಹಿಡ್ಕೋರಿ. ಚೀಲ ಮ್ಯಾಲಿಡ್ತೇನಿ."

ನಮ್ಮ ಕಡೆಯ ಬಸ್ಸುಗಳಲ್ಲಿ ಇದು ಹೊಸದೇನಲ್ಲ. ಕೂತವರು ನಿಂತವರ ಕೂಸನ್ನೋ ಗಂಟನ್ನೋ ಹಿಡಿದುಕೊಳ್ಳಬೇಕು, ಅಷ್ಟೆ. ಆದರೆ ನನಗೆ ಅದನ್ನು ಹೇಗೆ ಹಿಡಿಯಬೇಕೆಂದೇ ತೋಚಲಿಲ್ಲ. ಹದಿನೇಳು ವರ್ಷಗಳಿಂದ ನಾನು ಮಗುವನ್ನು ಮುಟ್ಟಿರಲಿಲ್ಲ. ಮಗು ಅಳುವುದನ್ನು ಕೂಡ ಕೇಳಿರಲಿಲ್ಲ. ಅದರ ತಲೆ ಎಷ್ಟು ಬೆಚ್ಚಗಿತ್ತೆಂದರೆ ಜ್ವರವೇನೋ ಎಂದು ಹೆದರಿದೆ. ತಾಯಿ ಮಾತ್ರ ನನ್ನ ಮುಖವನ್ನೂ ನೋಡದೆ ಚೀಲ ಇಡಲು ಹೋಗಿದ್ದಳು. ಮತ್ತೆ ಆ "ಕಾಕಾ" ಎಂಬ ಮಾತು! ಒಳಗೆ ಹೋಗುವಾಗ ಎಲ್ಲರೂ ನನ್ನನ್ನು "ತಮ್ಮಾ" ಎನ್ನುತ್ತಿದ್ದರು. ಯಾರಿಗೂ ಅಣ್ಣನಾಗದೆ ನೇರ ಕಾಕಾ ಆಗಿ ಹೊರಬಂದಿದ್ದೆ.

ಅಂದು ಬೆಳಿಗ್ಗೆ ಜೈಲಿನ ದೊಡ್ಡ ಬಾಗಿಲಲ್ಲಿರುವ ಚಿಕ್ಕ ಬಾಗಿಲಿನಿಂದ ತಲೆ ಬಗ್ಗಿಸಿ ಆಚೆ ಕಾಲಿಟ್ಟಿದ್ದೆ. ನನ್ನ ಜೀವಾವಧಿ ಶಿಕ್ಷೆ ರಾಜ್ಯಪಾಲರ ಕ್ಷಮೆಯಿಂದ ಮುಗಿದಿತ್ತು. ಬಸ್ಸು ಬಾಗಲಕೋಟೆಯದು. ನನ್ನ ಊರು ಇಳಕಲ್. ಬಾಗಲಕೋಟೆಯಲ್ಲಿಳಿದು ಇನ್ನೊಂದು ಬಸ್ಸು ಹತ್ತಿದರೆ ಎರಡು ತಾಸಿನೊಳಗೆ ಮನೆ. ಆ ಇನ್ನೊಂದು ಬಸ್ಸನ್ನು ನಾನು ಹತ್ತಲಿಲ್ಲ. ಯಾಕೆ ಹತ್ತಲಿಲ್ಲ ಎಂಬುದನ್ನು ನಮ್ಮ ಓಣಿಯವರು ತಮತಮಗೆ ತಿಳಿದಂತೆ ಹೇಳಿಕೊಂಡಿದ್ದಾರಂತೆ. ನಾನೇ ಬರೆಯುವುದು ವಾಸಿ ಎನಿಸಿತು.

ನಮ್ಮದು ನೇಕಾರರ ಮನೆ. ಪಡಸಾಲೆಯಲ್ಲಿ ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಗೆ ಕಾಲು ಇಳಿಬಿಟ್ಟು ಕೂತು ಅಪ್ಪ ನೇಯುತ್ತಿದ್ದ. ಬೆಳಗಾದರೆ ಓಣಿಯ ತುಂಬ ಲಾಳಿಯ ಸದ್ದು. ಯಾವುದೋ ಮನೆಯ ಸದ್ದು ನಿಂತಿತೆಂದರೆ ಅಲ್ಲಿ ಉಣ್ಣಲು ಎದ್ದರು ಎಂದು ಅರ್ಥ. ಸೀರೆಯ ಒಡಲಿಗೂ ಸೆರಗಿಗೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುವ ಕೆಲಸ ಅವ್ವನದು. ಅವಳ ಜೋಡಿ ಕೂರಲು ಪಕ್ಕದ ಮನೆಯ ಗಂಗಾ ವೈನಿ ಬರುತ್ತಿದ್ದರು. ಅವರ ಗಂಡ ಮಹಾಂತೇಶಣ್ಣನನ್ನು ಅಣ್ಣ ಎನ್ನುತ್ತಿದ್ದುದರಿಂದ ಅವರು ನನಗೆ ವೈನಿ. ಅವರ ಮನೆಯ ಸಜ್ಜಿ ರೊಟ್ಟಿಯ ಮೇಲೆ ಎಳ್ಳು ಹೆಚ್ಚು ಇರುತ್ತದೆಂದು ನಾನು ಅಲ್ಲೇ ಉಂಡು ಬರುತ್ತಿದ್ದೆ. ಅವ್ವ ಬೈಯುತ್ತಿದ್ದಳು, ವೈನಿ ನಗುತ್ತಿದ್ದರು.

ಒಂದು ಮಳೆಗಾಲದಲ್ಲಿ ಮಹಾಂತೇಶಣ್ಣ ತಮ್ಮ ಮಾಳಿಗೆಯ ನೀರು ಇಳಿಯಲು ಹೊಸ ಪೈಪು ಹಾಕಿಸಿದರು. ಆ ನೀರು ಸೀದಾ ನಮ್ಮ ಗೋಡೆಯ ಬುಡಕ್ಕೆ ಬಿದ್ದು, ಒಳಗೆ ಜಿನುಗಿ, ಮಗ್ಗದ ಕುಣಿ ತುಂಬಿತು. ಮಗ್ಗಕ್ಕೆ ಹೂಡಿದ್ದ ಹಾಸಿನ ನೂಲೆಲ್ಲ ತೊಯ್ದು ಬಣ್ಣ ಬಿಟ್ಟಿತು. ಅಪ್ಪ ಕೇಳಲು ಹೋದ. ಮಾತಿಗೆ ಮಾತು ಬೆಳೆದು ಮಹಾಂತೇಶಣ್ಣ ಅಪ್ಪನ ಎದೆಗೆ ಕೈಹಚ್ಚಿ ನೂಕಿದರು. ಅಪ್ಪ ಕೆಸರಿನಲ್ಲಿ ಬಿದ್ದ. ಕೈಗೆ ಸಿಕ್ಕ ಕಟ್ಟಿಗೆಯಿಂದ ನಾನು ಹೊಡೆದೆ. ಒಂದೇ ಏಟು. ಮೂರನೆಯ ದಿನ ದವಾಖಾನೆಯಲ್ಲಿ ಅವರು ತೀರಿಕೊಂಡರು. ವೈನಿಯ ಮಗಳು ಆಗಷ್ಟೇ ಅಡಿ ಇಡಲು ಕಲಿಯುತ್ತಿದ್ದಳು.

ನನಗಾಗ ಹದಿನಾರು ವರ್ಷ ಎರಡು ತಿಂಗಳು. ಅದು ಅಂದು ಯಾರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ನನಗೆ ಮೀಸೆ ಮೂಡಿತ್ತು, ಮೈ ತುಂಬಿತ್ತು. ಕಾಗದದಲ್ಲಿ ಯಾರೋ ಹತ್ತೊಂಬತ್ತು ಎಂದು ಬರೆದರು. ಅವ್ವನನ್ನು ಕೇಳಿದಾಗ "ಕಾರಹುಣ್ಣಿಮಿ ಮುಂದ ಹುಟ್ಟ್ಯಾನ್ರಿ" ಎಂದಳಂತೆ. ಯಾವ ವರ್ಷದ ಕಾರಹುಣ್ಣಿಮೆ ಎಂದು ಹೇಳಲು ಆಕೆಗೆ ಬರಲಿಲ್ಲ. ದೊಡ್ಡವರ ಶಿಕ್ಷೆಯೇ ಆಯಿತು, ದೊಡ್ಡವರ ಜೈಲೇ ಆಯಿತು. ಮೂರು ವರ್ಷಕ್ಕೆ ಅಪ್ಪ ಹೋದ.

ಜೈಲಿನಲ್ಲಿ ನಮ್ಮ ಬ್ಯಾರಕಿಗೆ ಮುದಿ ಕೈದಿಯೊಬ್ಬರು ಬಂದರು. ಹಿಂದೆ ಸಾಲಿ ಮಾಸ್ತರಾಗಿದ್ದವರು. ಉಳಿದವರಿಗೆ ಅರ್ಜಿ ಬರೆದುಕೊಡುವುದೇ ಅವರಿಗೆ ಹೊತ್ತು ಕಳೆಯುವ ದಾರಿ. ಒಂದು ದಿನ ನನ್ನನ್ನು ಕೇಳಿದರು, "ಸಾಲಿ ಎಷ್ಟನೇತ್ತಾಕ ಬಿಟ್ಟಿ?"

"ಎಂಟನೇತ್ತಾ ಮುಗಿಸಿ ಬಿಟ್ಟೇನ್ರಿ."

"ಅದಾಗಿ ಎಷ್ಟು ದಿನಕ್ಕ ಇಲ್ಲಿ ಬಂದಿ?"

"ಮೂರು ವರ್ಷಕ್ಕರಿ."

ಮಾಸ್ತರು ಬೆರಳು ಮಡಚುತ್ತ ಹೋಗಿ ನಿಂತರು. "ಎಂಟನೇತ್ತಾ ಮುಗಿಸಿ ಮೂರ ವರ್ಷಕ್ಕ ಹತ್ತೊಂಬತ್ತು ಹ್ಯಾಂಗಾತೋ ತಮ್ಮಾ? ನಪಾಸ ಆಗಿದ್ದೇನು?"

"ಇಲ್ಲರಿ. ಒಮ್ಮೆನೂ ಆಗಿಲ್ಲ."

ಅಷ್ಟು ವರ್ಷ ಯಾರ ತಲೆಗೂ ಹೊಳೆಯದ್ದು ಅವರ ಬೆರಳಿಗೆ ಹೊಳೆಯಿತು. ಮುಂದಿನ ಮುಲಾಖತ್ತಿನಲ್ಲಿ (ಜೈಲಿನಲ್ಲಿ ಮನೆಯವರ ಭೇಟಿಗೆ ಹೀಗೆನ್ನುತ್ತಾರೆ) ಅವ್ವನಿಗೆ ಹೇಳಿದೆ. ಆಕೆ ಸಾಲಿಗೆ ನಾಲ್ಕು ಸಲ ಅಲೆದು ದಾಖಲೆಯ ನಕಲು ತಂದಳು. ಮಾಸ್ತರು ಅರ್ಜಿ ಬರೆದರು. "ಹುಡುಗನಿಗೆ ದೊಡ್ಡವನ ಶಿಕ್ಷೆ ಆಗಿದೆ, ಅವನೂ ತಪ್ಪು ಒಪ್ಪಿಕೊಂಡಿದ್ದಾನೆ" ಎಂದಿತ್ತು ಅದರಲ್ಲಿ. ಎರಡನೆಯ ಮಾತು ಬೇಕೇ ಬೇಕು ಎಂದು ನಾನೇ ಹಟ ಹಿಡಿದಿದ್ದೆ. ಅರ್ಜಿ ಮೇಜಿನಿಂದ ಮೇಜಿಗೆ ಹೋಗಿ ಬರುವುದರಲ್ಲಿ ವರ್ಷಗಳೇ ಕಳೆದವು. ನಡುವೆ ಒಂದು ದಿನ ವಿಚಾರಣೆಗೆಂದು ವೈನಿಯ ಮನೆಗೂ ಹೋಗಿದ್ದರು. ಅವನನ್ನು ಬಿಟ್ಟರೆ ನಿಮ್ಮ ತಕರಾರಿದೆಯೇ ಎಂದು ಕೇಳಲು.

ವೈನಿ ಹೇಳಿದ್ದನ್ನು ಅವ್ವ ಜಾಲರಿಯ ಆಚೆ ನಿಂತು ನನಗೆ ಮುಟ್ಟಿಸಿದಳು. "'ಬಿಡ್ರಿ, ಅವ ಆಗ ಹುಡುಗ ಇದ್ದ. ಆದರ ಇಳಕಲ್ಲೊಂದು ಬಿಟ್ಟು ಎಲ್ಲ್ಯರೆ ಇರ್ಲಿ. ದಿನಾ ಮುಂಜಾನೆದ್ದು ಅವನ ಮಾರಿ ನೋಡೂದು ನನ್ನ ಕಡಿಂದ ಆಗೂದಿಲ್ಲ' ಅಂದ್ಲಪಾ."

ಬಿಡುಗಡೆಯ ಕಾಗದದಲ್ಲಿ ಅಂಥ ಷರತ್ತೇನೂ ಇರಲಿಲ್ಲ. ಅಧಿಕಾರಿಯನ್ನು ಕೇಳಿದರೆ, "ಎಲ್ಲಿ ಬೇಕಾದಲ್ಲಿ ಇರು, ಯಾರು ತಡೀತಾರ?" ಎಂದರು. ಸರಕಾರ ನನ್ನನ್ನು ಮನ್ನಿಸಿದ್ದು ಕಾಗದದ ಮೇಲೆ. ವೈನಿ ಮನ್ನಿಸಿದ್ದು ಎಷ್ಟು, ಮನ್ನಿಸದೆ ಉಳಿಸಿಕೊಂಡದ್ದು ಎಷ್ಟು ಎಂಬುದು ಆ ಒಂದು ಮಾತಿನಲ್ಲಿತ್ತು. ಅದನ್ನು ಮೀರಿ ಹೋಗಿ ಆ ಓಣಿಯಲ್ಲಿ ಕೂತು ನೇಯುವುದು ನನ್ನಿಂದಾಗದು ಎನಿಸಿತು.

ಹೀಗೆ ನಾನು ಬಾಗಲಕೋಟೆಯ ನವನಗರಕ್ಕೆ ಬಂದೆ. ಇಳಕಲ್ಲಿನ ಓಣಿಗಳು ಸೊಟ್ಟಗೆ ಸುತ್ತಿ ಒಂದಲ್ಲ ಒಂದು ಪರಿಚಯದ ಕಟ್ಟೆಗೆ ತಂದು ನಿಲ್ಲಿಸುತ್ತವೆ. ಇಲ್ಲಿಯ ರಸ್ತೆಗಳು ಗೆರೆ ಹೊಡೆದಂತೆ ನೆಟ್ಟಗೆ. ಮೊದಲ ವಾರ ಅಷ್ಟು ದೂರ ದಿಟ್ಟಿಸಿ ಕಣ್ಣು ನೋಯುತ್ತಿತ್ತು. ಹದಿನೇಳು ವರ್ಷ ಗೋಡೆಯವರೆಗಷ್ಟೇ ನೋಡಿದ ಕಣ್ಣು. ವಿಳಾಸವೆಂದರೆ ಇಲ್ಲಿ ಸೆಕ್ಟರ್ ನಂಬರು, ಮನೆ ನಂಬರು. ಜೈಲಿನಲ್ಲಿ ನನಗೊಂದು ನಂಬರಿತ್ತು, ಇಲ್ಲಿ ಮನೆಗಳಿಗೆ ಎಂದು ಮನಸ್ಸಿನಲ್ಲೇ ನಕ್ಕೆ.

ಬಾಡಿಗೆ ಖೋಲಿ ಸಿಗುವುದು ಕಷ್ಟವಾಯಿತು. ಹೋದಲ್ಲೆಲ್ಲ "ಯಾವೂರು, ಇಷ್ಟು ದಿನ ಎಲ್ಲಿದ್ರಿ" ಎಂಬ ಪ್ರಶ್ನೆ. ಎರಡು ಕಡೆ ಖರೆ ಹೇಳಿದೆ, ಬಾಗಿಲು ಮುಚ್ಚಿತು. ಮೂರನೆಯ ಕಡೆ ಪುಣೆಯಲ್ಲಿದ್ದೆ ಎಂದು ಸುಳ್ಳು ಹೇಳಿ, ಅವರು ಪುಣೆಯ ಯಾವ ಪೇಟೆ ಎಂದು ಕೇಳಿದಾಗ ಎದ್ದು ಬಂದೆ. ನಾಲ್ಕನೆಯ ಮನೆ ರಾಜೇಸಾಬ ಚಾಚಾ ಅವರದು. ಹೆಂಡತಿ ತೀರಿಹೋಗಿದ್ದರು, ಮಗಳು ಪಕ್ಕದ ಸೆಕ್ಟರಿನಲ್ಲಿ. ಹಳೆಯ ಬಾಗಲಕೋಟೆಯಲ್ಲಿ ಅವರದು ಬಳೆಯಂಗಡಿ. ಆ ಊರ ಭಾಗ ಆಣೆಕಟ್ಟಿನ ಹಿನ್ನೀರಿಗೆ ಹೋದಾಗ ಇಲ್ಲಿಗೆ ಬಂದವರು.

ಎಲ್ಲವನ್ನೂ ಹೇಳಿದೆ. ಚಾಚಾ ನನ್ನನ್ನು ಕೂರಿಸಿ ಪೂರ್ತಿ ಕೇಳಿಸಿಕೊಂಡರು.

"ಸಿಟ್ಟು ಇನ್ನೂ ಬರ್ತದೇನು?" ಎಂದರು ಕೊನೆಗೆ.

"ಬರ್ತದರಿ. ಬಂದಾಗ ಎದ್ದು ದೂರ ಹೋಗ್ತೇನಿ."

"ನಮ್ಮ ಓಣಿ ನೀರಾಗೈತಿ ನೋಡು. ಬ್ಯಾಸಿಗ್ಯಾಗ ನೀರಿಳಿದ್ರ ಗ್ವಾಡಿ ತುದಿ ಕಾಣ್ತಾವು, ದಂಡ್ಯಾಗ ನಿಂತು ನೋಡಿ ಬರ್ತೇನಿ. ನಿಂದು ಬಸ್ಸಿನ್ಯಾಗ ಕುಂತ್ರ ಸಿಗೂ ಊರು, ಆದ್ರೂ ಹೋಗಾಂಗಿಲ್ಲ. ಇರು ಇಲ್ಲೇ. ಬೀಡಿ ಮಾತ್ರ ಒಳಗ ಸೇದಬ್ಯಾಡ."

ಜೈಲಿನಲ್ಲಿ ಬ್ರೆಡ್ಡು ಬೇಯಿಸುವುದು ಕಲಿತಿದ್ದೆ. ಬೇಕರಿಯೊಂದರಲ್ಲಿ ಕೆಲಸ ಸಿಕ್ಕಿತು. ಸಣ್ಣ ಸಣ್ಣ ಗೆಲುವುಗಳು ಅಲ್ಲಿಂದ ಶುರು. ಫೋನಿನಲ್ಲಿ ಹೆಸರು ಉಳಿಸಲು ಕಲಿತದ್ದು. ಖಾನಾವಳಿಯಲ್ಲಿ "ಇನ್ನೊಂದು ರೊಟ್ಟಿ" ಎಂದು ಗಟ್ಟಿಯಾಗಿ ಕೇಳಿದ್ದು. ಮತದಾರರ ಪಟ್ಟಿಯಲ್ಲಿ ನನ್ನ ಹೆಸರಿನ ಎದುರು ಚಾಚಾ ಅವರ ಮನೆ ನಂಬರು ನೋಡಿದ್ದು. ಹುಟ್ಟಿದ ದಿನಾಂಕದ ಕಡೆ ಮೊದಲು ಕಣ್ಣು ಹೋಯಿತು. ಸರಿಯಾಗಿತ್ತು.

ಬರೆಯಲು ನಾಚಿಕೆಯಾದರೂ ಒಂದು ಮಾತು ಬರೆಯಲೇಬೇಕು. ಜೈಲಿನಲ್ಲಿದ್ದಷ್ಟು ದಿನ ಇಳಕಲ್ ನೆನೆದು ಕೊರಗಿದೆ. ನವನಗರದ ಖೋಲಿಯಲ್ಲಿ ಒಬ್ಬನೇ ಉಣ್ಣುವಾಗ ಜೈಲೂ ನೆನಪಾಗುತ್ತಿತ್ತು. ಸಾಲಾಗಿ ಕೂತು ಉಣ್ಣುತ್ತಿದ್ದ ಅರವತ್ತು ಜನ, ಸಾರಿನಲ್ಲಿ ಬ್ಯಾಳಿ ಹುಡುಕುವ ಚೇಷ್ಟೆ, ಜ್ವರ ಬಂದಾಗ ಮಾಸ್ತರು ಹಣೆಗೆ ಇಡುತ್ತಿದ್ದ ಒದ್ದೆ ಬಟ್ಟೆ. ಮಾಸ್ತರು ಇನ್ನೂ ಒಳಗೇ ಇದ್ದಾರೆ. ತಿಂಗಳಿಗೊಮ್ಮೆ ನನಗೆ ಕಾಗದ ಬರೆದು, ನನ್ನ ಉತ್ತರದ ತಪ್ಪುಗಳನ್ನು ತಿದ್ದಿ ತಿರುಗಿ ಕಳಿಸುತ್ತಾರೆ.

ಅವ್ವನನ್ನು ಹುಣ್ಣಿಮೆಗೊಮ್ಮೆ ಬಾದಾಮಿಯ ಹತ್ತಿರ ಚೊಳಚಗುಡ್ಡದಲ್ಲಿ, ಬನಶಂಕರಿ ಗುಡಿಯ ಹೊಂಡದ ಕಟ್ಟೆಯ ಮೇಲೆ ಕಾಣುತ್ತಿದ್ದೆ. ಆಕೆ ಆ ಕಡೆಯಿಂದ, ನಾನು ಈ ಕಡೆಯಿಂದ. ಗಂಟು ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟು ಓಣಿಯ ಸುದ್ದಿ ಹೇಳುತ್ತಿದ್ದಳು. ಯಾರ ಮನೆಯ ಮಗ್ಗ ನಿಂತಿತು, ಯಾರು ಪವರ್‌ಲೂಮ್ ಹಾಕಿದರು, ವೈನಿಯ ಮಗಳು ಯಾವ ಕಾಲೇಜಿಗೆ ಸೇರಿದಳು. ನಾನು ಕೇಳದಿದ್ದರೂ ವೈನಿಯ ಸುದ್ದಿಯನ್ನು ಕೊನೆಗೆ ಹೇಳಿಯೇ ಏಳುತ್ತಿದ್ದಳು. "ಮಂಡಿ ನೋವು ಅಂತಾಳ. ಈಗೂ ಕೊಂಡಿ ಹಾಕಾಕ ಇಬ್ಬರೂ ಕೂಡೇ ಕುಂಡ್ರತೇವಿ." ನನ್ನ ಅವ್ವನೂ ಅವರೂ ಅಷ್ಟು ವರ್ಷ ಒಂದೇ ಹಾಸಿನ ಎರಡು ಬದಿಗೆ ಹೇಗೆ ಕೂತರೋ ನನಗಿನ್ನೂ ತಿಳಿದಿಲ್ಲ.

ಎರಡು ವರ್ಷ ಹೀಗೆ ನಡೆಯಿತು. ಒಂದು ಬೆಳಿಗ್ಗೆ ಬೇಕರಿಗೆ ಫೋನು ಬಂತು. ಇಳಕಲ್ಲಿನಲ್ಲೇ ಮದುವೆಯಾಗಿದ್ದ ನನ್ನ ಅಕ್ಕ ನೀಲವ್ವ. "ಅವ್ವ ಹೋದ್ಳು, ಬಾ" ಎಂದಷ್ಟೇ ಹೇಳಿ ಅತ್ತಳು.

ಮೈಮೇಲಿನ ಹಿಟ್ಟನ್ನೂ ಕೊಡವದೆ ಬಸ್ಸು ಹತ್ತಿದೆ. ಹುನಗುಂದ ಬಂದಾಗ ಕಾಲು ತಾನಾಗಿ ಇಳಿಯಿತು. ಅಲ್ಲಿಂದ ಇಳಕಲ್ ಅರ್ಧ ತಾಸೂ ಅಲ್ಲ. ನಿಲ್ದಾಣದ ಕಲ್ಲು ಬೆಂಚಿನ ಮೇಲೆ ಕೂತು ಅಕ್ಕನಿಗೆ ಫೋನು ಮಾಡಿದೆ. "ವೈನಿನ್ನ ಕೇಳು. ಹೂಂ ಅಂದ್ರ ಬರ್ತೇನಿ. ಇಲ್ಲಂದ್ರ ಮಣ್ಣಾದ ಮ್ಯಾಲೆ ನನಗೊಂದು ಮಾತು ಹೇಳು."

ಅಕ್ಕ ಬೈದಳು. ಆಮೇಲೆ ಫೋನು ಹಿಡಿದುಕೊಂಡೇ ಹೋದಳೆಂದು ಕಾಣುತ್ತದೆ. ಹೆಂಗಸರ ಅಳು ಹತ್ತಿರ ಬಂದು ಮತ್ತೆ ದೂರವಾಯಿತು. ಬಳಿಕ ಹದಿನೆಂಟು ಹತ್ತೊಂಬತ್ತು ವರ್ಷಗಳಿಂದ ಕೇಳದ ದನಿ.

"ಸಂಗಪ್ಪಾ, ಎಲ್ಲಿದ್ದಿ?"

"ಹುನಗುಂದದಾಗ ಇದ್ದೇನ್ರಿ ವೈನಿ."

"ಅಲ್ಲ್ಯಾಕ ಕುಂತಿ?"

"ನೀವು ಬ್ಯಾಡ ಅಂದಿದ್ರಿ."

"ಹೆತ್ತಾಕಿ ಮಣ್ಣಿಗಿ ಬರಬ್ಯಾಡ ಅನ್ನಾಕ ನಾ ಯಾರು? ಬಾ. ನನ್ನ ಬಾಗಲ ಮುಂದ ಹಾಯಬ್ಯಾಡ, ಹಿಂದಿನ ಓಣ್ಯಾಗಿಂದ ಬಾ. ನಾ ಒಳಗ ಇರ್ತೇನಿ."

ಹಿಂದಿನ ಓಣಿಯಿಂದಲೇ ಹೋದೆ. ಬೇವಿನ ಗಿಡ ಕಡಿದಿದ್ದರು. ಎಲ್ಲೋ ಒಂದೆರಡು ಕಡೆ ಪವರ್‌ಲೂಮಿನ ಗದ್ದಲ. ಕೈಮಗ್ಗದ ಸದ್ದಿಗೆ ಕಿವಿಗೊಟ್ಟೆ, ಸಿಗಲಿಲ್ಲ. ಅವ್ವನ ಕೈಬೆರಳ ತುದಿಗಳು ಎಳೆ ಹೊಸೆದು ಹೊಸೆದು ನುಣುಪಾಗಿದ್ದವು. ಅವನ್ನೇ ಹಿಡಿದುಕೊಂಡು ಕೂತೆ. ಮಣ್ಣು ಮುಗಿಸಿ ಬಂದೆವು. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ನೆರೆಯವರೇ ಊಟ ತರುವುದು ವಾಡಿಕೆ. ನೀಲಕ್ಕ ತಾಟು ಮುಂದಿಟ್ಟಳು. "ವೈನಿ ಮನಿಂದ ಬಂದೈತಿ. ಉಣ್ಣು."

ರೊಟ್ಟಿಯ ತುಂಬ ಎಳ್ಳು. ನಾನೂ ಉಣ್ಣುವವರಲ್ಲಿ ಒಬ್ಬ ಎಂಬುದು ಅವರಿಗೆ ಗೊತ್ತಿತ್ತು. ಪಕ್ಕದ ಮನೆಯ ಬಾಗಿಲು ಸಂಜೆಯವರೆಗೂ ತೆರೆಯಲಿಲ್ಲ.

ಅಂದೇ ಸಂಜೆ ನಾನು ನವನಗರಕ್ಕೆ ಮರಳಿದ್ದೆ. ಒಂಬತ್ತನೆಯ ದಿನ ಅಕ್ಕನ ಫೋನಿನಲ್ಲಿ ವೈನಿ ಹೇಳಿಕಳಿಸಿದರು: "ವರ್ಷಕ್ಕೊಮ್ಮೆ ಅವ್ವನ ದಿನಕ್ಕ ಬಂದು ಹೂವು ಏರಿಸಿ ಹೋಗ್ಲಿ. ಸಂಜಿ ಬಸ್ಸಿಗಿ ತಿರುಗಿ ಹೋಗ್ಲಿ." ಅಕ್ಕನಿಗೆ ಆ ಎರಡನೆಯ ಮಾತು ಹಿಡಿಸಲಿಲ್ಲ. ನನಗೆ ಮೊದಲನೆಯ ಮಾತೇ ಎದೆ ತುಂಬಿಸಿತು.

ಈ ವರ್ಷ ಮೊದಲ ಸಲ ಹೋಗಿದ್ದೆ. ಅವ್ವನನ್ನು ಮಣ್ಣು ಮಾಡಿದ ಗದ್ದುಗೆಗೆ ಹೂವು ಏರಿಸಿ, ಅಕ್ಕನ ಮನೆಯಲ್ಲಿ ಉಂಡು, ಪೇಟೆಯಲ್ಲಿ ಸೀರೆ ಅಂಗಡಿಗಳ ಮುಂದೆ ನಡೆದೆ. ತೂಗುಹಾಕಿದ ಒಂದು ಸೆರಗಿನ ಕೆಂಪು ನೋಡಿ, ಇದರ ಕೊಂಡಿ ಯಾರು ಹಾಕಿರಬಹುದು ಎಂದು ಬೆರಳಾಡಿಸಿದೆ. ಅಂಗಡಿಯವನು, "ಯಾವೂರ್ರಿ ಅಣ್ಣಾರ? ಹೊರಗಿನವ್ರಿಗೆ ಒಂದ ರೇಟ್, ಬರ್ರಿ ಒಳಗ" ಎಂದ. ನನ್ನ ಊರಿನಲ್ಲೇ ನನ್ನನ್ನು ಹೊರಗಿನವನೆಂದ ಆ ಪ್ರಾಯದವನ ಮೇಲೆ ಸಿಟ್ಟು ಬರಲಿಲ್ಲ. ಅವನು ಹುಟ್ಟುವ ಹೊತ್ತಿಗೆ ನಾನು ಹೋಗಿದ್ದೆ.

ಸಂಜೆ ಬಸ್ಸಿನಲ್ಲಿ ಕೂತಾಗ ಚಾಚಾ ಅವರ ಫೋನು ಬಂತು. "ಹೊಂಟಿಯೇನು? ಊಟಕ್ಕ ಕಾಯಲೋ, ಉಂಡು ಬರ್ತಿಯೋ?"

"ಕಾಯ್ರಿ ಚಾಚಾ. ಮನಿಗೇ ಬರ್ತೇನಿ."

ಹೊರಗೆ ಕಿಟಕಿಗೆ ಕೈಯೂರಿ ನಿಂತಿದ್ದ ನೀಲಕ್ಕ ಆ ಮಾತು ಕೇಳಿಸಿಕೊಂಡಳು. ಸೆರಗು ಸರಿಮಾಡಿಕೊಂಡಳು. ಬಸ್ಸು ಹೊರಟಿತು. ಹುನಗುಂದ ದಾಟುವವರೆಗೂ ನಾನು ಕುತ್ತಿಗೆ ಹಿಂದಕ್ಕೆ ತಿರುವಿಯೇ ಕೂತಿದ್ದೆ. ಅಮೀನಗಡ ಬಂದ ಮೇಲೆ, ನಾಳೆ ನಸುಕಿಗೇ ಹಿಟ್ಟು ನಾದಬೇಕು ಎಂಬುದು ನೆನಪಾಗಿ, ಮುಂದಕ್ಕೆ ತಿರುಗಿದೆ.