ಮೂರು ತಾಲೂಕಿನ ಆಣೆ

ಶರಣಪ್ಪ, ನಿನ್ನನ್ನು ಕಟ್ಟಿಹಾಕಿದ ಆ ಕರಾರು ಕೋರ್ಟಿನಲ್ಲಿ ನಿಲ್ಲುವುದಿಲ್ಲವೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ನಿನ್ನಿಂದ ಆಣೆ ಮಾಡಿಸಿಕೊಂಡೆ.

ನೀನು ನನ್ನ ಸಂಬಳದ ಆಳಾಗಿರಲಿಲ್ಲ. ಆಳಂದದ ನನ್ನ ಅಂಗಡಿಯಿಂದ ನಾನು ಬೇಳೆ ಗಿರಣಿಗಳಿಗೆ ಯಂತ್ರ ಮಾರುತ್ತಿದ್ದೆ. ಅವು ಕೆಟ್ಟರೆ ರಿಪೇರಿಗೆ ನೀನು — ಮಾಡಿದ ಕೆಲಸಕ್ಕೆ ಕೂಲಿ, ಅಷ್ಟೇ. ಇನ್ನು ಸ್ವಂತ ಮಾಡುತ್ತೇನೆಂದು ನೀನು ಹೇಳಿದ ದಿನ ನಾನು ಹೆದರಿದೆ. ಯಂತ್ರ ನನ್ನದಾದರೂ ಗಿರಾಕಿಗಳ ನಂಬಿಕೆ ನಿನ್ನ ಕೈಮೇಲೆ. ನನ್ನ ಕೆಲಸ ಬಿಟ್ಟ ಮೇಲೆ ಐದು ವರ್ಷ ಆಳಂದ, ಅಫಜಲಪುರ, ಜೇವರ್ಗಿಯಲ್ಲಿ ಈ ಕೆಲಸ ಮಾಡಕೂಡದೆಂದು ಬಾಂಡ್ ಪೇಪರ್ ಮೇಲೆ ನಿನ್ನ ಸಹಿ ಮೊದಲೇ ಹಾಕಿಸಿದ್ದೆ. ಅದನ್ನು ಹಿಡಿದು ವಕೀಲರಲ್ಲಿಗೆ ಓಡಿದೆ.

ಅವರು ನಕ್ಕರು. “ಬಿಟ್ಟು ಹೋದವಗ ದುಡಿಬ್ಯಾಡ ಅನ್ನೋ ಕರಾರು ನಡ್ಯಂಗಿಲ್ರಿ. ಪಗಾರದವಗೇ ನಡ್ಯಂಗಿಲ್ಲ, ಇವ ಸ್ವತಂತ್ರ ಮನಷ್ಯಾ.”

ನಾನೆಂಥ ಜಾಣ ನೋಡು — ವಕೀಲರ ಮಾತು ನುಂಗಿಕೊಂಡು ಅದೇ ಸಂಜೆ ನಿನ್ನನ್ನು ಕರೆಸಿದೆ. “ಕೊರಳಾಗಿನ ಲಿಂಗ ಮುಟ್ಟಿ ಹೇಳು, ಕರಾರು ಮೀರಂಗಿಲ್ಲ ಅಂತ.” ನೀನು ಮುಟ್ಟಿದೆ. ಹೆಂಡತಿ ಮಕ್ಕಳನ್ನು ಜೇವರ್ಗಿಯಲ್ಲಿ ಬಿಟ್ಟು ಮಹಾರಾಷ್ಟ್ರಕ್ಕೆ ದುಡಿಯಲು ಹೋದೆ.

ಮರುವರ್ಷ ತೊಗರಿ ಸುಗ್ಗಿಯಲ್ಲಿ ಜೇವರ್ಗಿ ತಾಲೂಕಿನ ಇಜೇರಿಯ ಗಿರಣಿ ನಿಂತಿತು. ನನ್ನ ಹೊಸ ಮೆಕ್ಯಾನಿಕ್ ಕೈಚೆಲ್ಲಿದ. ಈ ಸುದ್ದಿ ಹಬ್ಬಿದರೆ ನನ್ನ ಅಂಗಡಿ ಮುಚ್ಚಿದಂತೆಯೇ. ಮಾನ ಬಿಟ್ಟು ನಿನಗೆ ಫೋನ್ ಮಾಡಿದೆ.

“ರೋಲರ್ ಬಿಚ್ಚಿ ಖಜೂರಿ ಗಡಿ ದಾಟಿಸಿ ತರ್ರಿ ಸಾವಕಾರ್ರ. ಈ ಕಡಿ ಕುಂತು ಮಾಡಿಕೊಡ್ತೇನಿ. ಆಣಿ ಮುರಿಯಂಗಿಲ್ಲ.”

ನಾನು ಟೆಂಪೋದಲ್ಲಿ ಹೇರಿಕೊಂಡು ಬಂದೆ. ಗಡಿಯಾಚೆ ರಸ್ತೆಬದಿಯ ಬೇವಿನ ಕೆಳಗೆ ಕುಳಿತು ನೀನು ಸರಿಮಾಡಿದೆ. ಕೈ ಒರೆಸಿಕೊಂಡು, “ಚಹಾ ಕುಡ್ಯಾಕ ನಿಮ್ಮ ಕಡಿ ಬರ್ತೇನ್ರಿ, ಅದಕ್ಕ ಆಣಿ ಇಲ್ಲಲ್ಲ” ಎಂದು ನಕ್ಕೆ. ಖಜೂರಿಯ ಹೋಟೆಲಿನಲ್ಲಿ ಎದುರುಬದುರು ಕುಳಿತೆವು. ಕರಾರು ನಡೆಯದೆಂಬ ನಿಜ ನನ್ನ ನಾಲಿಗೆಯ ತುದಿಗೆ ಬಂದಿತ್ತು — ಚಹಾದ ಜೊತೆ ಅದನ್ನೂ ಕುಡಿದುಬಿಟ್ಟೆ.

ಇವತ್ತಿಗೂ ನನ್ನ ಮನೆಯಲ್ಲಿ ಒಲೆ ಉರಿಯುವುದು ನಿನ್ನಿಂದ. ಊರು ಬಿಡಿಸಿದವನ ಅಂಗಡಿ ಉಳಿಸಿದೆಯಲ್ಲೋ, ಮಾರಾಯ! ಈ ಋಣ ನೆನೆದಾಗಲೆಲ್ಲ ಕಣ್ಣು ತುಂಬುತ್ತದೆ. ತುಂಬಿದರೇನು — ನೀನು ಇನ್ನೂ ಆಚೆಯೇ ಇದ್ದೀ.

ನಾಳೆ ಬರುತ್ತೇನೆ. ಇದಷ್ಟನ್ನೂ ನಿನ್ನೆದುರು ಬಾಯಿಬಿಟ್ಟು ಹೇಳುತ್ತೇನೆ. ಬಯ್ದರೆ ಬಯ್ಯಿ. ಶರಣಪ್ಪ ಬರುತ್ತಾನೆಂದು ಮೂರೂ ತಾಲೂಕಿನ ಗಿರಣಿಗಳಿಗೆ ನಾನೇ ಹೋಗಿ ಹೇಳುತ್ತೇನೆ. ಅದಕ್ಕೂ ಮೊದಲು ನಿನ್ನನ್ನು ಜೇವರ್ಗಿಯ ಬಸ್ಸು ಹತ್ತಿಸಬೇಕು.