ಕಣ್ಣು ಕಟ್ಟಿಕೊಂಡು ತಿಂದ ರೊಟ್ಟಿ

ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ಅದಕ್ಕಾಗಿ ಒಂದು ದಿನವೂ ಮರುಗಿಲ್ಲ. ನಮ್ಮ ಮಾಸ್ತರರು ಪ್ರಯೋಗಕ್ಕಿಂತ ಮೊದಲೇ ಅದರ ಫಲಿತಾಂಶ ಬರೆಸುತ್ತಿದ್ದರು. ‘ದ್ರಾವಣದ ಬಣ್ಣ ಬದಲಾಯಿತು’ ಎಂದು ಸಾಲಾಗಿ ಕೂತು ಬರೆದೆವು. ದ್ರಾವಣದ ಮುಖ ಕಂಡವರಿಲ್ಲ. ಗಾಜಿನ ಸಾಮಾನು ಕಪಾಟಿನಲ್ಲಿ ಬೀಗ ಹಾಕಿಕೊಂಡಿತ್ತು. ಕಾಣದ್ದನ್ನು ಕಂಡೆ ಎಂದು ಬರೆಯುವುದೇ ವಿದ್ಯೆಯಾದರೆ ಹಿಟ್ಟು ಬೀಸುವುದು ಮೇಲು ಎಂದು ಅಪ್ಪನ ಗಿರಣಿ ಸೇರಿದೆ.

ಮಿಶ್ರಿಕೋಟಿಯಲ್ಲಿ ಆ ಕಲ್ಲಿನ ಗಿರಣಿ ಈಗ ನನ್ನದು. ಹೋದ ವರ್ಷ ಮಗಳ ಶಾಲೆಯಲ್ಲಿ ವಿಜ್ಞಾನ ಮೇಳ ಎಂದಾಗ ನನಗೆ ನಗು ಬಂತು. ಅಂಥ ಮೇಳ ನೋಡಿದವನು ನಾನು. ಹುಬ್ಬಳ್ಳಿಯ ಅಂಗಡಿಯಿಂದ ಥರ್ಮಾಕೋಲಿನ ಜ್ವಾಲಾಮುಖಿ ತರುವುದು, ಅದರ ಮುಂದೆ ಮಕ್ಕಳು ಬಾಯಿಪಾಠ ಒಪ್ಪಿಸುವುದು. ನಡುವೆ ಒಂದು ಪ್ರಶ್ನೆ ಕೇಳಿದಿರೋ, ಪಾಪ, ಮತ್ತೆ ಮೊದಲಿನಿಂದ ಶುರು.

ಹೊಸದಾಗಿ ಬಂದ ವಿಜ್ಞಾನದ ಅಕ್ಕೋರು ಮಾತ್ರ ಬೇರೆ ಕೆಲಸ ಹಚ್ಚಿದ್ದರು. ಮನೆಯ ಹಿರಿಯರು ಗಟ್ಟಿಯಾಗಿ ಹೇಳುವ ಒಂದು ಮಾತು ಹಿಡಿಯಿರಿ, ಖರೆಯೋ ಸುಳ್ಳೋ ನೀವೇ ಪರೀಕ್ಷಿಸಿರಿ ಎಂದರಂತೆ. ಮಗಳು ಹಿಡಿದದ್ದು ನನ್ನ ಮಾತನ್ನೇ. ಬಜಾರದ ಹೊಸ ಮಷೀನಿನ ಹಿಟ್ಟಿನ ರೊಟ್ಟಿ ಯಾವುದು, ನನ್ನ ಕಲ್ಲಿನ ಹಿಟ್ಟಿನದು ಯಾವುದು, ಕಣ್ಣು ಕಟ್ಟಿದರೂ ಹೇಳುತ್ತೇನೆ ಎಂದು ಗಿರಣಿಗೆ ಬಂದವರ ಮುಂದೆಲ್ಲ ಎದೆ ತಟ್ಟಿಕೊಂಡವನು ನಾನು. ಆ ಮಾತು ನಂಬಿಯೇ ಎಷ್ಟೋ ಗಿರಾಕಿಗಳು ನನ್ನಲ್ಲಿಗೆ ಬರುತ್ತಿದ್ದರು.

ಒಂದೇ ಚೀಲದ ಜೋಳವನ್ನು ಮಗಳು ಎರಡೂ ಕಡೆ ಬೀಸಿಸಿದಳು. ಹೆಂಡತಿ ರೊಟ್ಟಿ ಬಡಿದಳು. ಯಾವ ತುಂಡು ಮೊದಲು ಎಂಬುದನ್ನು ಪ್ರತಿ ಸಲವೂ ಮಗಳು ಒಳಗೆ ನಾಣ್ಯ ಹಾರಿಸಿ ಗೊತ್ತುಮಾಡಿದಳು.

“ನಾಣ್ಯ ಯಾಕವಾ?” ಎಂದೆ.

“ನಾ ಆರಿಸಿದ್ರ ನಿನಗ ನನ್ನ ಲೆಕ್ಕ ಸಿಗತೈತಿ.”

ತಿನಿಸುವ ಹೆಂಡತಿಗೂ ಯಾವುದು ಯಾವುದೆಂದು ಹೇಳಲಿಲ್ಲ. ಕಣ್ಣು ಕಟ್ಟಿಕೊಂಡು ಇಪ್ಪತ್ತು ಸಲ ನಾನು ಅಗಿದು ಅಗಿದು ಹೇಳಿದೆ. ಅರ್ಧ ಸರಿ, ಅರ್ಧ ತಪ್ಪು.

“ಅಪ್ಪಾ, ಸುಮ್ಮನ ಬಾಯಿಗೆ ಬಂದಂಗ ಹೇಳಿದ್ರೂ ಇಷ್ಟ ಆಗತಿತ್ತು.”

“ನನಗ ನೆಗಡಿ ಆಗೇತಿ.”

“ಹಂಗಾರ ನೆಗಡಿ ಹ್ವಾದ ಮ್ಯಾಲೆ ಮತ್ತ ಮಾಡೂಣು.”

ನೆಗಡಿ ಹೋಯಿತು. ಮತ್ತೆ ಮಾಡಿದೆವು. ಮತ್ತೆ ಅಷ್ಟೇ. ಹೆಂಡತಿ ಬಾಯಿಗೆ ಸೆರಗು ಹಿಡಿದು ನಕ್ಕಳು. ನಾನು ಊಟ ಬಿಟ್ಟು ಎದ್ದೆ.

ಮೇಳದ ಹಿಂದಿನ ದಿನ ಹೆಡ್‌ಮಾಸ್ತರರು ಗೋಧಿ ಹಿಡಿದುಕೊಂಡು ಗಿರಣಿಗೆ ಬಂದರು.

“ಸಾವ್ಕಾರ್ರ, ಮಗಳ ಚಾರ್ಟ್ ನೋಡಿದ್ನಿ. ಸೋತದ್ದನ್ನ ಯಾರರ ಗ್ವಾಡಿಗೆ ಹಚ್ಚತಾರೇನ್ರಿ? ತಾಲೂಕಿನಿಂದ ಸಾಹೇಬ್ರು ಬರ್ತಾರ. ಎಲ್ಲಾ ಸರಿ ಹೇಳಿದ್ರು ಅಂತ ಬರಸ್ರಿ. ನಿಮ್ಮ ಗಿರಣಿಗೂ ಹೆಸರು, ಶಾಲಿಗೂ ಬಹುಮಾನ.”

ಅಲ್ಲೇ ನಿಂತಿದ್ದ ಮಗಳು ನನ್ನ ಮುಖ ನೋಡಿದಳು. “ತಿದ್ದಲೇನಪ್ಪಾ?” ಎಂದಳು. ನನಗಾಗಿ ತಿದ್ದಿಬಿಡುತ್ತಿದ್ದಳು. ನನ್ನ ದೊಡ್ಡಸ್ತಿಕೆ ಉಳಿಸಲು ಅವಳು ತನ್ನ ಕೈಯಾರೆ ಸುಳ್ಳು ಬರೆಯಬೇಕಿತ್ತು.

“ಸರ್, ನಿಮ್ಮ ಗೋಧಿ ತೂಕ ನಾ ಹಿಂಗ ತಿದ್ದಿದ್ರ ಸುಮ್ಮನಿರ್ತೀರೇನ್ರಿ?”

“ಶಾಲೀ ವ್ಯವಹಾರ ನಿಮಗ ತಿಳಿಯಂಗಿಲ್ಲ ಬಿಡ್ರಿ.”

“ತಿಳೀತ್ರಿ. ಅದಕ್ಕ ಬಿಟ್ಟ ಬಂದೇನಿ. ಇಕಿ ಕಂಡದ್ದನ್ನ ಬರದಾಳ, ಅದ ಇರ್ಲಿ.”

ಮರುದಿನ ಸಾಹೇಬರು ಜ್ವಾಲಾಮುಖಿಯ ಬಾಜು ನಿಂತು ಫೋಟೋ ತೆಗೆಸಿಕೊಂಡರು. ಮಗಳ ಬಳಿ ಬಂದು, “ನಿನ್ನ ಮಾಡೆಲ್ ಎಲ್ಲೈತಿ?” ಎಂದರು.

“ರೊಟ್ಟಿ ಐತ್ರಿ ಸರ್. ನೀವೂ ಕಣ್ಣು ಮುಚ್ಚಿ ತಿಂದ ಹೇಳ್ರಿ.”

ಅವರು ಹೆಡ್‌ಮಾಸ್ತರರ ಕಡೆ ನೋಡಿ ನಕ್ಕು ಮುಂದೆ ನಡೆದರು. ವಿಜ್ಞಾನ ಪರೀಕ್ಷಿಸಲು ಜೀಪು ಹತ್ತಿ ಬಂದ ದೊಡ್ಡ ಮನುಷ್ಯ, ಒಂದು ತುಂಡು ರೊಟ್ಟಿ ಬಾಯಿಗಿಡಲಾರದೆ ಹೋದ! ಬಹುಮಾನ ಅಂಗಡಿಯ ಥರ್ಮಾಕೋಲಿಗೆ ಹೋಯಿತು.

ಚಾರ್ಟ್ ಓದಿಸಿಕೊಂಡ ನನ್ನ ಹಳೆಯ ಗಿರಾಕಿ ಮುದುಕಿಯೊಬ್ಬಳು ನನ್ನತ್ತ ತಿರುಗಿದಳು. “ಏನೋ ತಮ್ಮಾ, ಇಷ್ಟ ದಿನ ಬಡಾಯಿ ಕೊಚ್ಚಿದ್ದೆಲ್ಲಾ ಇದನ ಏನು?”

“ಇದನ ಯವ್ವಾ.”

ಮುಂದಿನ ಸಲ ಅವಳ ಜೋಳದ ಡಬ್ಬಿ ಬಜಾರಕ್ಕೆ ಹೋಯಿತು. ಅವಳ ಹಿಂದೆ ಇನ್ನೂ ಕೆಲವರು ಹೋದರು. ಗಿರಣಿಯ ಮುಂದೆಯೇ ದಾಟಿ ಹೋದದ್ದನ್ನು ಕಂಡೆ; ಕರೆಯಲಿಲ್ಲ. ಮಗಳೂ ಕಂಡಳು.

“ಅಪ್ಪಾ, ಬಿಸಿ ರೊಟ್ಟ್ಯಾಗ ಗೊತ್ತಾಗಲಿಲ್ಲ. ತಂಗಳ ರೊಟ್ಟ್ಯಾಗ ಗೊತ್ತಾಗತೈತೇನು?”

ಗೊತ್ತಾಗದೆ ಏನು ಎನ್ನಲು ಬಾಯಿ ತೆರೆದೆ. ಅವಳು ನನ್ನನ್ನೇ ನೋಡುತ್ತಿದ್ದಳು.

“ಮಾಡಿ ನೋಡೂಣು” ಎಂದೆ.